ದೊರೆಯ ಪ್ರೇತದ ಸಾಕ್ಷಿ

ಮಾಘಮಾಸದ ಎಳೆಬಿಸಿಲು ನೀಲಗಲ್ಲು ರಾಜಧಾನಿಯ ಮೂರು ಸುತ್ತಿನ ಕೋಟೆಯ ಮೇಲೆ ಧಾರಾಳವಾಗಿ ಹರಡಿತ್ತಾದರೂ ಪುರಜನರ ಮುಖದಲ್ಲಿ ಮಾತ್ರ ಬೆಳಕು ಮೂಡಿರಲಿಲ್ಲ. ರಾಜಬೀದಿಯ ಹೂವಾಡಗಿತ್ತಿಯರು ಸೇವಂತಿಗೆಯ ಜೊತೆಗೆ ಬೇವಿನ ಸೊಪ್ಪಿನ ಕಂತೆಗಳನ್ನೂ ಮಾರುತ್ತಿದ್ದರು. ಗಂಧದ ಅಂಗಡಿಗಳಲ್ಲಿ ಅತ್ತರನ್ನು ಕೇಳುವವರಿಲ್ಲದೆ ಲೋಬಾನಕ್ಕೇ ನೂಕುನುಗ್ಗಲಾಗಿತ್ತು. ಲಾಯದ ಕುದುರೆಗಳ ಕೊರಳಿಗೂ ಕರಿದಾರ ಬಿದ್ದಿತ್ತು. ದೊರೆ ವೀರಮಲ್ಲ ನಾಯಕರು ಶಿವೈಕ್ಯರಾಗಿ ಬಹಳ ಕಾಲವಾಗಿರಲಿಲ್ಲ. ಅಷ್ಟರಲ್ಲೇ ದೊರೆಯ ಪ್ರೇತ ಗವಿಗುಡಿಯ ಪೂಜಾರಿ ಮಲ್ಲಯ್ಯನ ಮೈಮೇಲೆ ಬರುತ್ತಿದೆಯೆಂದೂ, ಇಂದು ಒಡ್ಡೋಲಗದಲ್ಲಿಯೇ ಮೈದುಂಬಿ ತನಗೆ ವಿಷವಿಕ್ಕಿದವನ ಹೆಸರನ್ನು ನುಡಿಯಲಿದೆಯೆಂದೂ ಊರೆಲ್ಲ ಗುಲ್ಲೆದ್ದಿತ್ತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು!

ವಿಷವಿಕ್ಕಿದವನೆಂಬ ಆರೋಪ ಹೊತ್ತು ಸೆರೆಯಲ್ಲಿದ್ದವನು ಪ್ರಧಾನಿ ಸೋವರಸ. ಜ್ವರಪೀಡಿತರಾದ ದೊರೆಗೆ ಕಡೆಯ ಕಷಾಯವನ್ನು ಕುಡಿಸಿದ್ದು ಅವನ ಕೈ. ಅದೇ ಅವನಿಗೆ ಮುಳುವಾಯಿತು. ದೊರೆಯ ತಮ್ಮ ಸರ್ಜಪ್ಪ ನಾಯಕ ಬೆರಳು ತೋರಿಸಿದ, ದಳವಾಯಿ ಕೆಂಚಣ್ಣ ಹಿಂದುಮುಂದು ನೋಡದೆ ಬೇಡಿ ತೊಡಿಸಿದ. ಇಂದು ಅಪರಾಧ ಸ್ಥಿರಪಟ್ಟರೆ ತಲೆದಂಡ. ಸೋವರಸ ಆ ಕಲ್ಲುಕೋಣೆಯಲ್ಲಿ ಕೂರಲಾರ, ನಿಲ್ಲಲಾರ. ಗೋಡೆಯಿಂದ ಗೋಡೆಗೆ ಸಂಕೋಲೆಯನ್ನು ಎಳೆದುಕೊಂಡು ತಿರುಗುತ್ತಿದ್ದ.

ದೆವ್ವಭೂತಗಳೆಂದರೆ ಅವನಿಗೆ ಮೊದಲಿನಿಂದಲೂ ತಾತ್ಸಾರ. ಅದು ಬರಿಯ ಪಾಂಡಿತ್ಯದ ಜಂಬವಾಗಿರಲಿಲ್ಲ. ಅವನ ಯೌವನದಲ್ಲಿ ಗಡಿಯ ಹಳ್ಳಿಯೊಂದರಲ್ಲಿ ಮುದುಕಿಯೊಬ್ಬಳನ್ನು ಮಾಟಗಾತಿಯೆಂದು ಕಲ್ಲೆಸೆದು ಕೊಂದಿದ್ದರು. ಅವಳ ಹೊಲವನ್ನು ಮರುವರ್ಷ ಉತ್ತವನೇ ಮೊದಲ ಕಲ್ಲು ಎಸೆದವನೆಂಬುದು ಅವನಿಗೆ ತನಿಖೆಯಲ್ಲಿ ತಿಳಿಯಿತು. ಅಂದಿನಿಂದ ಯಾರಾದರೂ ದೆವ್ವದ ಸುದ್ದಿ ಎತ್ತಿದರೆ, "ಅದರಿಂದ ಯಾರಿಗೆ ಲಾಭ, ಅದನ್ನು ಮೊದಲು ಹೇಳಿ," ಎನ್ನುವುದು ಅವನ ವಾಡಿಕೆ. ಆ ಮಾತಿಗೆ ದೊರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬಾಗಿಲ ಅಗುಳಿ ಸರಿಯಿತು. ಒಳಗೆ ಬಂದವನು ಸರ್ಜಪ್ಪ ನಾಯಕ.

"ಪ್ರಧಾನಿಗಳು ನಿಶ್ಚಿಂತರಾಗಿರಬೇಕು. ಅಣ್ಣನವರ ಆತ್ಮ ಇಂದು ತಮ್ಮನ್ನು ನಿರ್ದೋಷಿಯೆಂದು ಸಾರಲಿದೆ. ತಾವು ಮಾಡಬೇಕಾದದ್ದು ಒಂದೇ, ಬಾಯಿ ತೆರೆಯದಿರುವುದು."

"ಆತ್ಮ ನುಡಿಯುವ ಮೊದಲೇ ತಮಗೆ ಹೇಗೆ ತಿಳಿಯಿತು, ನಾಯಕರೇ?"

"ತಮಗೆ ಈ ತರ್ಕದ ಚಟ ಬಿಡಲಿಲ್ಲವಲ್ಲ!" ಸರ್ಜಪ್ಪ ನಕ್ಕ. "ಅಂದು ತಮ್ಮತ್ತ ಬೆರಳು ತೋರಿಸಿದವನು ನಾನೇ, ನಿಜ; ಈಗ ನನಗೆ ಬೇಕಾದ ತಲೆ ಬೇರೆ. ಕೋಟೆಯ ಬೀಗದ ಕೈ ದಳವಾಯಿಯ ಸೊಂಟದಲ್ಲಿ ಇರುವ ತನಕ ರಾಣಿಯವರೂ ನೆಮ್ಮದಿಯಾಗಿರಲಾರರು, ನಾನೂ ಇರಲಾರೆ. ತಮ್ಮನ್ನು ಹಿಡಿದು ತಂದವನೂ ಅವನೇ. ಅವನ ಮೇಲೆ ತಮಗೇನು ಕನಿಕರ?"

ಅವನು ಹೊರಟುಹೋದ ಮೇಲೆ ಸೋವರಸನ ನಡಿಗೆ ಇನ್ನೂ ಬಿರುಸಾಯಿತು. ಕೆಂಚಣ್ಣ ಮುಂಗೋಪಿ, ಒರಟ, ಪ್ರಧಾನಿಯನ್ನು ತುಂಬಿದ ಸಭೆಯಲ್ಲಿ "ಪುಸ್ತಕದ ಹುಳು" ಎಂದು ಹಂಗಿಸಿದವನು, ಆದರೆ ದ್ರೋಹಿಯಲ್ಲ. ದೊರೆ ಸತ್ತದ್ದು ಜ್ವರದಿಂದ. ಯಾರೂ ವಿಷವಿಕ್ಕಿರಲಿಲ್ಲ. ಈ ಸರಳ ಸತ್ಯವನ್ನು ಸಾರಿ ಸಾರಿ ಹೇಳಿದರೂ ಒಬ್ಬರೂ ನಂಬಿರಲಿಲ್ಲ. ಈಗ ಪ್ರೇತವೊಂದು ಸುಳ್ಳು ಹೇಳಿದರೆ ಊರೇ ನಂಬುತ್ತದೆ, ತನ್ನ ತಲೆಯೂ ಉಳಿಯುತ್ತದೆ. ಬದುಕಬೇಕೆಂಬ ಆಸೆ ತನಗೆ ಇಷ್ಟೊಂದು ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ಅವನು ನಾಚಿದ. ನಾಚಿದರೂ ಆಸೆ ಹೋಗಲಿಲ್ಲ.

ಒಡ್ಡೋಲಗ ಕಿಕ್ಕಿರಿದಿತ್ತು. ಬರಿದಾದ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನಿರಿಸಿ, ಪಕ್ಕದ ಪೀಠದಲ್ಲಿ ರಾಣಿ ಓಬಳಾಂಬೆ ಆಸೀನಳಾಗಿದ್ದಳು. ನಿದ್ದೆಗೆಟ್ಟ ಅವಳ ಕಣ್ಣುಗಳು ಒಂದೆಡೆ ನಿಲ್ಲುತ್ತಿರಲಿಲ್ಲ. ಸೋವರಸನನ್ನು ಕಂಬದ ಬುಡದಲ್ಲಿ ನೆಲದ ಮೇಲೆ ಕೂರಿಸಿದರು. ಮಲ್ಲಯ್ಯನನ್ನು ದೊರೆಯ ಶಾಲು ಹೊದಿಸಿ ಮಣೆಯ ಮೇಲೆ ಕೂರಿಸಿದ್ದರು. ಧೂಪದ ಹೊಗೆ ಏರಿದಂತೆ ಅವನ ಭುಜ ಅದುರಿತು, ಕತ್ತು ವಾಲಿತು, ಗಂಟಲಿನಿಂದ ಗಡಸು ದನಿಯೊಂದು ಹೊರಟಿತು.

"ಸೋವಣ್ಣಾ! ನನ್ನ ಸೋವಣ್ಣನಿಗೆ ಬೇಡಿ ತೊಡಿಸಿದವರು ಯಾರು?"

ಸೋವರಸ ಥಟ್ಟನೆ ತಲೆಯೆತ್ತಿದ. ದೊರೆ ಅವನನ್ನು ಏಕಾಂತದಲ್ಲಿ ಮಾತ್ರ ಹಾಗೆ ಕರೆಯುತ್ತಿದ್ದರು. ಬಾಗಿಲಾಚೆ ನಿಂತ ಸರ್ಜಪ್ಪ ಅದನ್ನು ಕೇಳಿಸಿಕೊಂಡಿರಬಹುದೆಂದು ಬುದ್ಧಿ ಹೇಳಿತು. ಮನಸ್ಸು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಇಷ್ಟು ಕಾಲ ನಂಬಿದ್ದೆಲ್ಲ ತಪ್ಪಾಗಿರಲಿ, ಬಂದಿರುವವರು ದೊರೆಯೇ ಆಗಿರಲಿ ಎಂದು ಆ ನಾಸ್ತಿಕ ಹಂಬಲಿಸಿದ.

"ಇವನು ನಿರಪರಾಧಿ. ನನ್ನ ಕಷಾಯದಲ್ಲಿ ವಿಷ ಬೆರೆಸಿದವನು ಕೆಂಚಣ್ಣ!"

ಹುಯಿಲೆದ್ದಿತು. ಭಟರು ದಳವಾಯಿಯ ಖಡ್ಗವನ್ನು ಕಿತ್ತುಕೊಂಡರು. ಎಂಥ ರಣರಂಗದಲ್ಲೂ ಬೆವರದ ಕೆಂಚಣ್ಣ ಪ್ರೇತದ ಮುಂದೆ ಮೊಣಕಾಲೂರಿ, "ನನ್ನೊಡೆಯಾ, ನಾನು... ನಾನು ಅಂಥವನಲ್ಲ," ಎಂದು ಮಗುವಿನಂತೆ ತೊದಲಿದ. ದೊರೆಯೇ ಹೇಳಿದ ಮೇಲೆ ತಾನು ಅಂಥವನೇ ಇರಬಹುದೇನೋ ಎಂಬ ದಿಗಿಲು ಅವನ ಮುಖದಲ್ಲಿತ್ತು. ಸೋವರಸ ತಲೆ ತಗ್ಗಿಸಿದ. ಬಾಯಿ ತೆರೆಯಲಿಲ್ಲ.

ಆ ಹೊತ್ತಿಗೆ ಮಹಾದ್ವಾರದ ಮೇಲೆ ನಡುಹಗಲಿನ ನಗಾರಿ ಮೊಳಗಿತು. ಅದು ಸಿಂಹಾಸನದ ನಗಾರಿ. ಆ ನಾದ ಕೇಳಿದೊಡನೆ ಉಳುವವನು ನೇಗಿಲು ನಿಲ್ಲಿಸಿ, ಉಣ್ಣುವವನು ಎಲೆ ಬಿಟ್ಟು ಎದ್ದು ತಲೆಬಾಗಿ ನಿಲ್ಲುವುದು ನೀಲಗಲ್ಲಿನ ಸಂಪ್ರದಾಯ; ಪಟ್ಟಕ್ಕೇರಿದ ದೊರೆಯೊಬ್ಬನೇ ಅದಕ್ಕೆ ಏಳದವನು. ಗಲಿಬಿಲಿಯ ನಡುವೆಯೂ ಸಭೆಗೆ ಸಭೆಯೇ ನಿಂತಿತು, ರಾಣಿಯೂ ನಿಂತಳು, ಎಲ್ಲರ ತಲೆ ಬಾಗಿತು. ಸಂಕೋಲೆಯ ಭಾರಕ್ಕೆ ಏಳಲಾರದೆ ಕಂಬ ಹಿಡಿದು ತಿಣುಕುತ್ತಿದ್ದ ಸೋವರಸನೊಬ್ಬನ ಕಣ್ಣು ಮಾತ್ರ ಮೇಲಿತ್ತು.

ಅವನು ಕಂಡ. ದೊರೆಯ ಶಾಲು ಹೊದ್ದ ಪ್ರೇತ ಮಣೆಯಿಂದೆದ್ದು, ಕೈಮುಗಿದು, ತಲೆಬಾಗಿಸಿ ನಿಂತಿತ್ತು.

ನಗಾರಿ ನಿಂತಿತು. ಸೋವರಸನೊಳಗೆ ಏನೋ ಮುರಿದುಬಿತ್ತು. ಹಂಬಲಿಸಿದ ದೊರೆ ಎರಡನೆಯ ಸಲ ಸತ್ತಿದ್ದರು.

"ಮಲ್ಲಯ್ಯಾ," ಎಂದ ಅವನು, ಮೆಲ್ಲಗೆ, ಹಳ್ಳಿಯ ಕಟ್ಟೆಯ ಮೇಲೆ ಸಿಕ್ಕವನನ್ನು ಮಾತನಾಡಿಸುವಂತೆ. "ಎದ್ದು ನಿಂತೆಯಲ್ಲಪ್ಪ, ಯಾಕೆ?"

ಪೂಜಾರಿ ಇನ್ನೂ ಮುಗಿದ ಕೈ ಬಿಟ್ಟಿರಲಿಲ್ಲ. "ನಗಾರಿ ಆಯ್ತಲ್ಲ ಬುದ್ದೀ," ಎಂದ, ತನ್ನದೇ ಕೀರಲು ದನಿಯಲ್ಲಿ. "ಕುಂತಿರಕ್ಕಾಯ್ತದಾ?"

ಅಷ್ಟು ಹೇಳಿದ ಮೇಲೆ ಅವನಿಗೆ ತಾನು ಯಾರಾಗಿದ್ದೆನೆಂಬುದು ನೆನಪಾಯಿತು. ಮತ್ತೆ ಭುಜ ಅದುರಿಸಲು ಹೋದ, ಅದುರಲಿಲ್ಲ. ಸಭೆಯ ಹಿಂದೆಲ್ಲೋ ಒಬ್ಬ ಕಿಸಕ್ಕೆಂದು ನಕ್ಕ. ಮಲ್ಲಯ್ಯ ದೊಪ್ಪನೆ ರಾಣಿಯ ಕಾಲಬುಡಕ್ಕೆ ಬಿದ್ದ.

"ತೆಪ್ಪಾಯ್ತು ತಾಯೀ! ಸರ್ಜಪ್ಪ ನಾಯಕರು ಹೇಳಿಕೊಟ್ಟಂಗೆ ನುಡಿದೆ. ಇಲ್ಲಾಂದ್ರೆ ಗವಿಯಿಂದ ಎಬ್ಬಿಸ್ತೀನಿ ಅಂದ್ರು!"

ಸರ್ಜಪ್ಪ ಬಾಗಿಲ ಕಡೆ ಹೆಜ್ಜೆ ಹಾಕುವುದಕ್ಕೆ ಮೊದಲೇ ಭಟರ ಈಟಿಗಳು ಅಡ್ಡ ಬಂದವು. ಗದ್ದಲ ಅಡಗಿದ ಮೇಲೆ ಓಬಳಾಂಬೆ ಸೋವರಸನತ್ತ ತಿರುಗಿದಳು.

"ಪ್ರಧಾನಿಗಳೇ, ತಮ್ಮ ಪರವಾಗಿ ನುಡಿದ ಸಾಕ್ಷಿ ಅದೊಂದೇ. ಅದನ್ನು ತಾವೇ ಕೊಂದಿರಿ. ಸುಮ್ಮನಿದ್ದಿದ್ದರೆ ಈ ಬೇಡಿ ಕಳಚುತ್ತಿತ್ತು."

"ಬಲ್ಲೆ, ತಾಯಿ. ಸುಮ್ಮನಿರಲು ಪ್ರಯತ್ನಿಸಿಯೂ ನೋಡಿದೆ." ಅವನು ರಾಣಿಯತ್ತ ಮುಖವೆತ್ತಿದ. "ಸತ್ತ ದೊರೆಯ ಮಾತಿನಿಂದ ಇಂದು ನಾನು ಬದುಕಿದರೆ, ನಾಳೆ ಸತ್ತ ದೊರೆಯ ಮಾತಿನಿಂದ ಯಾರು ಬೇಕಾದರೂ ಸಾಯಬೇಕಾಗುತ್ತದೆ. ದೊರೆ ಜ್ವರದಿಂದ ತೀರಿಕೊಂಡರು. ನನ್ನಲ್ಲಿ ಬೇರೆ ಸಾಕ್ಷಿಯಿಲ್ಲ. ನನ್ನ ತಲೆ ತಮ್ಮ ಕೈಯಲ್ಲಿದೆ."

"ವಿಷವಿಕ್ಕಿದವನಾಗಿದ್ದರೆ ಆ ಪ್ರೇತದ ಕಾಲು ಹಿಡಿದುಕೊಂಡಿರುತ್ತಿದ್ದಿರಿ," ಎಂದಳು ರಾಣಿ. "ತಮ್ಮ ಮೇಲೆ ದೂರು ಹೊರಿಸಿದವನ ಯೋಗ್ಯತೆಯನ್ನೂ ಕಂಡಾಯಿತು. ದಳವಾಯಿಗಳೇ, ತಾವೇ ತೊಡಿಸಿದ ಬೇಡಿ, ತಾವೇ ಬಿಚ್ಚಿ."

ಕೆಂಚಣ್ಣ ನೆಲಕ್ಕೆ ಕುಳಿತು ಬೇಡಿಯ ಕೀಲನ್ನು ಬಿಡಿಸಿದ. "ನಾನಿನ್ನೂ ದೆವ್ವ ಇದೆ ಅಂತಲೇ ನಂಬುವವನು, ಪ್ರಧಾನಿಗಳೇ," ಎಂದು ಒರಟಾಗಿ ಪಿಸುಗುಟ್ಟಿದ. "ಇದ್ದರೆ ನಮ್ಮ ದೊರೆ ಇವತ್ತು ನಿಮ್ಮೊಳಗೆ ಬಂದಿದ್ದರು."

ಸೋವರಸ ಕಂಬ ಹಿಡಿದು ಎದ್ದು ನಿಂತ.

ಜಯಘೋಷಗಳನ್ನು ಹಿಂದೆ ಬಿಟ್ಟು ಅವನು ಒಬ್ಬನೇ ಕೋಟೆಯಾಚೆಯ ತೋಪಿಗೆ ನಡೆದ. ದೊರೆಯ ಸಮಾಧಿಯ ಕಲ್ಲು ಬಿಸಿಲಿಗೆ ಕಾದಿತ್ತು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, "ಪ್ರಭೂ," ಎಂದು ಕರೆದ. ಉತ್ತರ ಬರುವುದಿಲ್ಲವೆಂದು ಆ ರಾಜ್ಯದಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಆದರೂ ಅವನು ಬಿಸಿಲು ಇಳಿಯುವ ತನಕ ಅಲ್ಲಿಯೇ ಕಾದು ನಿಂತ.