ಬಾಡಿಗೆ ಅಭಿಮಾನಿಗಳ ಬಂಡಾಯ

ಸ್ಕಾರ್ಫು ನನ್ನ ಕುತ್ತಿಗೆಯನ್ನು ಬಿಗಿಯುತ್ತಿತ್ತು.

"ಇನ್ನೊಂದ್ಸಲ ನೀಲಿ ಅಂದ್ರೆ ಇಲ್ಲೇ ಮುಗಿಸ್ಬಿಡ್ತೀನಿ!"

ಬಿಗಿಯುತ್ತಿದ್ದವನು ಡ್ರಮ್ಮಣ್ಣ. ಮದುವೆ ಬ್ಯಾಂಡಿನಲ್ಲಿ ಬಡಿದು ಬಡಿದು ತೋಳು ಕಬ್ಬಿಣವಾಗಿತ್ತು. ಹಿಂದೆ ಅವನ ಇಡೀ ಗ್ಯಾಂಗು, ಎಲ್ಲರ ಮೈಮೇಲೂ ಹಳದಿ ಜೆರ್ಸಿ. ಸ್ಟೇಡಿಯಂ ಕೆಳಗಿನ ಸ್ಟೋರ್ ರೂಮು. ಬಾಗಿಲಿಗೆ ಚಿಲಕ!

ವಿಷಯ ಇಷ್ಟೇ ಸಾರ್. ನಮ್ಮೂರಿಗೆ ವಿಶ್ವ ಫುಟ್‌ಬಾಲ್ ಟೂರ್ನಿ ಬಂತು. ಹೋಟೆಲಿನವರು ರೇಟನ್ನು ಆಕಾಶಕ್ಕೇರಿಸಿದರು. ಹೊರದೇಶದ ಅಭಿಮಾನಿಗಳು ಕೈಮುಗಿದು ಮನೆಯಲ್ಲೇ ಉಳಿದರು. ಖಾಲಿ ಸೀಟು ಟೀವಿಯಲ್ಲಿ ಕಂಡರೆ ಮಾನ ಹೋಗುತ್ತದಲ್ಲ? ಅದಕ್ಕೇ ಸಂಘಟನಾ ಸಮಿತಿ ಬಾಡಿಗೆ ಅಭಿಮಾನಿಗಳನ್ನು ಹಿಡಿಯಿತು. ಜೆರ್ಸಿ ಫ್ರೀ, ಟಿಕೆಟ್ ಫ್ರೀ, ಊಟದ ಪೊಟ್ಟಣ ಫ್ರೀ. ಗಂಟಲು ಮಾತ್ರ ಸ್ವಂತದ್ದು.

ಡ್ರಮ್ಮಣ್ಣನ ಗ್ಯಾಂಗಿನ ಪಾಲಿಗೆ ಬಂದದ್ದು ಹಳದಿ ಟೀಮು. ಇವತ್ತು ನೋಡಿದರೆ ಹಳದಿಯವರ ಅಸಲಿ ಅಭಿಮಾನಿಗಳೇ ವಿಮಾನ ತುಂಬ ಬಂದಿಳಿದರು. ಖಾಲಿ ಬಿದ್ದದ್ದು ಎದುರಾಳಿ ನೀಲಿ ಟೀಮಿನ ಸ್ಟ್ಯಾಂಡು. "ಅಂಗಿ ಬದಲಾಯಿಸಿ" ಎಂದಿತು ಸಮಿತಿ. ಗ್ಯಾಂಗು ಸ್ಟೋರ್ ರೂಮು ಸೇರಿ ಮುಷ್ಕರ ಹೂಡಿತು!

ಇಂಥ ಕಗ್ಗಂಟು ಬಿಡಿಸುವುದೇ ನನ್ನ ಕಸುಬು. ಕಳಿಸಿದ್ದು ನಮ್ಮ ಭಾವ, ಸಮಿತಿಯ ಸೆಕ್ರೆಟರಿ. ಸ್ಟ್ಯಾಂಡು ಖಾಲಿ ಕಂಡರೆ ಅವರ ಕೆಲಸಕ್ಕೆ ಕುತ್ತು. ಕೆಲಸ ಹೋದರೆ ಸಮಿತಿ ಕೊಟ್ಟ ಮನೆಯೂ ಹೋಗುತ್ತದೆ. ಆಮೇಲೆ ಅಕ್ಕ, ಭಾವ, ಭಾವನ ಗೊರಕೆ... ಎಲ್ಲವೂ ನನ್ನ ಒಂದೇ ರೂಮಿನ ಮನೆಗೆ!

"ಡ್ರಮ್ಮಣ್ಣ... ಬಾಡಿಗೆಗೆ ಕೂಗೋರಿಗೆ ಬಣ್ಣ ಯಾವುದಾದ್ರೇನು?"

"ಬಾಡಿಗೆ ಅಂದ್ಯಾ? ನಮ್ ಗೋಲ್‌ಕೀಪರ್ ಪೆನಾಲ್ಟಿ ಬಿಟ್ಟ ದಿನ ನಾನು ಅತ್ತಿದ್ದು ಬಾಡಿಗೆಗಾ? ಲೋಕವೆಲ್ಲ ಆ ಹುಡುಗನ್ನ ಬೈತಿದ್ರೆ ಕರುಳು ಕಿತ್ತು ಬಂತು ಕಣೋ! ಇವತ್ತು ಅವನ ಎದುರು ಪಾರ್ಟಿಲಿ ಕೂರ್ಬೇಕಾ?"

ಹಿಂದೆ ಯಾರೋ ಬಿಕ್ಕಿದರು.

ಇದೇ ಸಮಯ! ಡ್ರಮ್ಮಣ್ಣನ ಕಾಲು ತುಳಿದೆ. ಚಿಲಕ ಎಳೆದು ಓಟ ಕಿತ್ತೆ. ಮೆಟ್ಟಿಲು... ಪಾಪ್‌ಕಾರ್ನ್ ಗಾಡಿ... ಕ್ಯಾಮೆರಾ ವೈರು... ಟೂರ್ನಿಯ ಗೊಂಬೆ ವೇಷದ ಆಳೆತ್ತರದ ಮೊಲ ಅಡ್ಡ ಬಂತು. ಢಿಕ್ಕಿ! ಇಬ್ಬರೂ ಉರುಳಿದೆವು. ಮೊಲದ ಹೊಟ್ಟೆಯ ಜಿಪ್ಪು ಬಿಚ್ಚಿಕೊಂಡಿತು. ಒಳಗಿನ ಆಸಾಮಿ ಹಳದಿ ಜೆರ್ಸಿ ತೊಟ್ಟಿದ್ದ!

ತಲೆಗೆ ಹೊಳೆಯಿತು.

ಅಷ್ಟರಲ್ಲಿ ಡ್ರಮ್ಮಣ್ಣ ನನ್ನ ಕಾಲರ್ ಹಿಡಿದ.

"ತಡಿಯಪ್ಪಾ! ಹಳದಿ ಒಳಗಿರ್ಲಿ. ನೀಲಿ ಮೇಲೆ ಹಾಕ್ಕೊಳ್ಳಿ. ಎದೆಗೆ ತಾಗಿರೋದು ಹಳದಿನೇ ತಾನೆ?"

ಅವನು ಯೋಚಿಸಿದ.

"ನೀಲಿಗೆ ಜೈ ಅನ್ನಲ್ಲ."

"ಬೇಡ. ಹಳದಿ ಗೋಲ್ ಹೊಡೆದ್ರೂ ತುಟಿ ಪಿಟಿಕ್ ಅನ್ಬಾರ್ದು!"

"ಮಾತು ಕೊಟ್ಟೆ. ಆದ್ರೆ ನೀನೂ ಎರಡೂ ಹಾಕ್ಕೊಂಡು ನಮ್ ಜೊತೆ ಕೂರ್ಬೇಕು."

ಕೂತೆ. ಫುಟ್‌ಬಾಲ್ ಎಂದರೆ ನನಗೆ ಅಷ್ಟಕ್ಕಷ್ಟೇ ಸಾರ್. ಸ್ಟ್ಯಾಂಡು ನೀಲಿಯೋ ನೀಲಿ. ದೂರದಿಂದ ಭಾವ ಹೆಬ್ಬೆರಳು ಎತ್ತಿ ತೋರಿಸಿದರು.

ಕೊನೆಯ ನಿಮಿಷ. ಸ್ಕೋರು ಸೊನ್ನೆ-ಸೊನ್ನೆ. ಹಳದಿಯ ಅದೇ ಗೋಲ್‌ಕೀಪರ್ ತನ್ನ ಜಾಗ ಬಿಟ್ಟು ಆ ತುದಿಯಿಂದ ಓಡಿ ಬಂದ. ಹುಚ್ಚನೇ ಇರಬೇಕು! ಚೆಂಡು ಗುಂಪಿನಲ್ಲಿ ಪುಟಿಯಿತು... ಹುಡುಗ ಎಗರಿದ... ತಲೆ ಕೊಟ್ಟ...

ಗೋಲ್!

ಡ್ರಮ್ಮಣ್ಣ ಮಾತಿಗೆ ತಪ್ಪಲಿಲ್ಲ. ಸ್ಕಾರ್ಫು ಬಾಯಿಗೆ ತುರುಕಿಕೊಂಡು ಗಳಗಳ ಅಳುತ್ತ ಕೂತಿದ್ದ. ಇಡೀ ಗ್ಯಾಂಗು ಉಸಿರು ಬಿಗಿಹಿಡಿದು ಕೂತಿತ್ತು. ಯಾವನೋ ಒಬ್ಬ ಮುಠ್ಠಾಳ ಮಾತ್ರ ಸೀಟು ಹತ್ತಿ, ನೀಲಿ ಅಂಗಿ ಕಿತ್ತೆಸೆದು, ಹಳದಿಯಲ್ಲಿ ಕುಣಿಯುತ್ತಿದ್ದ. ದೊಡ್ಡ ಸ್ಕ್ರೀನಿನ ಮೇಲೆ, ಜಗತ್ತಿಗೇ ಕಾಣುವಂತೆ!

ಸ್ಕ್ರೀನನ್ನು ಸರಿಯಾಗಿ ನೋಡಿದೆ.

ನಾನೇ!

ಮರುದಿನ ಪೇಪರುಗಳ ತುಂಬ 'ನಕಲಿ ಅಭಿಮಾನಿ ಹಗರಣ'. ಗೋಲನ್ನು ರೆಫರಿ ಅಲ್ಲೇ ಆಫ್‌ಸೈಡ್ ಎಂದು ರದ್ದು ಮಾಡಿದ್ದ. ಭಾವನ ಕೆಲಸವನ್ನು ಸಮಿತಿ ರದ್ದು ಮಾಡಿತು.

ಈಗ ಅಕ್ಕ ನನ್ನ ಮಂಚದ ಮೇಲೆ, ಭಾವ ನನ್ನ ಸೋಫಾದ ಮೇಲೆ. ನಾನು ಬಾಗಿಲ ಪಕ್ಕ, ಬರೀ ನೆಲದ ಮೇಲೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ ಸಾರ್...

ಅದು ಆಫ್‌ಸೈಡ್ ಅಲ್ಲ!