ಕರಿ ಪೆಟ್ಟಿಗೆ, ಬಿಳಿ ಪೆಟ್ಟಿಗೆ ಮತ್ತು ಸೋಂಬೇರಿ ಹುಲಿ

"ಬಿಳಿ ಪೆಟ್ಟಿಗೆಯವರಿಗೆ ಗೆಳೆಯರೇ ಇರೋದಿಲ್ಲ ಅಂತ ಬರೆದೋರು ಯಾರು?"

ಬಾಗಿಲಲ್ಲಿ ನಿಂತು ಕೇಳಿದವನ ದನಿ ದೊಡ್ಡದೇನಲ್ಲ. ಆದರೂ ಕಚೇರಿಯ ಕೀಲಿಮಣೆಗಳೆಲ್ಲ ಒಮ್ಮೆಗೇ ಸುಮ್ಮನಾದವು.

ಅವಳು ಕುರ್ಚಿ ತಿರುಗಿಸಿದಳು. "ನಾನೇ. ಏನೀಗ?"

"ನನಗೆ ಗೆಳೆಯರಿದ್ದಾರೆ."

"ಹೌದಾ? ಎಷ್ಟು ಜನ?"

ಅವನು ಯೋಚನೆಗೆ ಬಿದ್ದ. ಪಾಪ, ನಿಜವಾಗಿಯೂ ಎಣಿಸುತ್ತಿದ್ದ!

"...ಆರು."

ಇಡೀ ಕಚೇರಿ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ಆದರೆ ಅವನ ಕಿವಿ ಕೆಂಪಾದದ್ದು ಕಂಡು ನಗು ಅರ್ಧಕ್ಕೇ ನಿಂತಿತು. 'ಛೆ! ಯಾಕಾದ್ರೂ ಕೇಳಿದ್ನೋ...'

ಕೊಳ್ಳುವ ಮುಂಚೆ ಜನ ಓದುವ ಹೋಲಿಕೆಗಳನ್ನು ಬರೆಯುವ ಜಾಲತಾಣ ಅದು. ಫೋನ್, ಟಿವಿ, ವಾಷಿಂಗ್ ಮೆಷಿನ್, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ತೂಗುತ್ತಾರೆ. ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಗಳ ವಿಭಾಗ ಅವಳದು. ಬರೆದರೆ ಓದಿದವರ ಕಣ್ಣಲ್ಲಿ ನೀರು ಬರಬೇಕು, ಹಾಗಾಗಿ ಎಲ್ಲರಿಗೂ ಅವಳು 'ಖಾರ'. ಅದೇ ವಿಭಾಗಕ್ಕೆ ಅವತ್ತು ಹೊಸದಾಗಿ ಸೇರಿದವನು ಇವನು. ಮೊದಲ ದಿನವೇ ಜಗಳಕ್ಕೆ ಬಂದವನಿಗೆ ಕಚೇರಿ ಇಟ್ಟ ಹೆಸರು 'ಮೌನಿ'. ಹೆಸರಿಟ್ಟವರಿಗೆ ತಲೆ ಕೆಟ್ಟಿತ್ತು ಅನ್ನಬೇಡಿ. ಆ ಒಂದು ಜಗಳ ಬಿಟ್ಟರೆ ಅವನು ಬಾಯಿ ಬಿಟ್ಟದ್ದೇ ಕಡಿಮೆ.

ಕರಿ ಪೆಟ್ಟಿಗೆಯದು ಒಂದು ಕಂಪನಿ, ಬಿಳಿ ಪೆಟ್ಟಿಗೆಯದು ಇನ್ನೊಂದು. ಅವಳು ಆಡುವುದು ಕರಿಯಲ್ಲಿ, ಅವನು ಬಿಳಿಯಲ್ಲಿ. ಎರಡು ಕಂಪನಿಗಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಒಂದರ ಆನ್‌ಲೈನ್ ಸೇವೆಯಲ್ಲಿರುವ ಗೆಳೆಯರು ಇನ್ನೊಂದರಲ್ಲಿ ಕಾಣುವುದೇ ಇಲ್ಲ.

ಜಗಳ ಕೇಳಿ ಸಂಪಾದಕಿ ಒಳಕೋಣೆಯಿಂದ ಎದ್ದು ಬಂದರು.

"ಒಳ್ಳೇದೇ ಆಯ್ತು. ಎರಡೂ ಸೇವೆಗಳ ಹೋಲಿಕೆ ಇಬ್ರೂ ಸೇರಿ ಬರೀರಿ. ಪೆಟ್ಟಿಗೆ ಅದಲುಬದಲು ಮಾಡ್ಕೊಳ್ಳಿ. ಖಾತೆ ಹಾಗೇ ತೆರೆದಿರಲಿ."

"ಖಾತೆನೂನಾ ಮೇಡಂ?" ಅವಳ ದನಿ ಸಣ್ಣಗಾಯಿತು.

"ಮತ್ತೆ? ಖಾಲಿ ಖಾತೆ ಇಟ್ಕೊಂಡು ಗೆಳೆತನದ ಸೌಲಭ್ಯ ಹೇಗಮ್ಮ ಪರೀಕ್ಷೆ ಮಾಡ್ತೀರಾ? ಒಬ್ಬರ ಗೆಳೆಯರ ನಡುವೆ ಇನ್ನೊಬ್ಬರು ಕೂತು ನೋಡಿ."

ಅವಳಿಗೆ ಖಾತೆ ಕೊಡಲು ಮನಸ್ಸಿರಲಿಲ್ಲ. ಕಾರಣ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳ ಕರಿ ಪೆಟ್ಟಿಗೆಯ ಇನ್ನೂರು ಗೆಳೆಯರಲ್ಲಿ ಒಬ್ಬನ ಹೆಸರು 'ಸೋಂಬೇರಿ ಹುಲಿ'. ಅವಳ ಅಣ್ಣ. ಕರಿ ಸೇವೆ ಪ್ರತಿ ಗೆಳೆಯನ ಹೆಸರಿನ ಕೆಳಗೂ ಅವನು ಕೊನೆಗೆ ಯಾವಾಗ ಬಂದಿದ್ದ ಎಂದು ತೋರಿಸುತ್ತದೆ. ಅಣ್ಣನ ಹೆಸರಿನ ಕೆಳಗೆ 'ಮೂರು ವರ್ಷದ ಹಿಂದೆ ಇದ್ದರು' ಎಂದಿತ್ತು.

ಒಂದು ಜ್ವರ ಬಂದು ತೀರಿಕೊಂಡಿದ್ದ ಅವನು. ಕೆಲಸ ಮುಗಿಸಿ ಬಂದು ಆ ಒಂದು ಸಾಲು ನೋಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಯಾರಿಗಾದರೂ ಹೇಳಿದರೆ ಹುಚ್ಚು ಅಂದಾರು ಎಂದು ಸುಮ್ಮನಿದ್ದಳು.

ಪೆಟ್ಟಿಗೆ ಕೊಡುವಾಗ ಎರಡು ಸಲ ಹೇಳಿದಳು. "ಏನು ಬೇಕಾದ್ರೂ ಆಡಿ. ಗೆಳೆಯರ ಪಟ್ಟಿ ಮಾತ್ರ ಮುಟ್ಟಬೇಡಿ."

ಮೌನಿ ಪರದೆ ನೋಡುತ್ತಾ ಮುಗ್ಧವಾಗಿ ಕೇಳಿದ. "ಇದ್ರಲ್ಲಿ ಅರ್ಧ ಜನ ವರ್ಷದಿಂದ ಬಂದೇ ಇಲ್ವಲ್ಲ. ಬರದೇ ಇರೋರನ್ನ ಯಾಕೆ ಇಟ್ಕೊಂಡಿದೀರಾ? ತೆಗೆದುಬಿಟ್ರೆ ಆಗಲ್ವಾ?"

"ಮುಟ್ಟಬೇಡಿ ಅಂದೆನಲ್ಲಾ!"

ಅವನು ಬೆಚ್ಚಿ ಕೈ ಹಿಂದೆಗೆದುಕೊಂಡ.

ಬಿಳಿ ಸೇವೆ ಅವಳಿಗೆ ಮೊದಲು ಸಪ್ಪೆ ಎನಿಸಿತು. ಅವಳ ಕರಿ ಸೇವೆ ಸಂತೆಯಿದ್ದಂತೆ. ಪೆಟ್ಟಿಗೆ ಹಚ್ಚಿದ ಕೂಡಲೇ ಮಾತಿನ ಕೋಣೆಯಲ್ಲಿ ಗಲಾಟೆ, ಯಾರು ಎಲ್ಲಿದ್ದಾರೆ, ಏನು ಆಡುತ್ತಿದ್ದಾರೆ, ಎಲ್ಲ ಬಯಲು. ಇಲ್ಲಿ ಮಾತಿನ ಕೋಣೆಯೇ ಇಲ್ಲ! ಗೆಳೆಯರಾಗಬೇಕಾದರೆ ಉದ್ದನೆಯ ಸಂಖ್ಯೆಯೊಂದನ್ನು ಒಬ್ಬರಿಗೊಬ್ಬರು ಕೊಡಬೇಕು. ಬೇಡವೆನಿಸಿದರೆ ಯಾರಿಗೂ ಕಾಣದೆ ಆಡಬಹುದು. ಮಾತಿನ ಬದಲು ಪುಟ್ಟ ಪುಟ್ಟ ಚಿತ್ರ ಕಳಿಸಬಹುದು, ಅಷ್ಟೇ.

ಆದರೆ ಅವನ ಆರು ಗೆಳೆಯರಲ್ಲಿ ಒಬ್ಬರು ದಿನಾ ಬೆಳಿಗ್ಗೆ ತಪ್ಪದೆ ಒಂದು ಹೂವಿನ ಚಿತ್ರ ಕಳಿಸುತ್ತಿದ್ದರು.

"ಯಾರ್ರೀ ಇವರು, ಇಷ್ಟೊಂದು ಹೂವು ಕಳಿಸೋರು?" ಏನೂ ಅನ್ನಿಸದವಳಂತೆ ಫೋನಿನಲ್ಲಿ ಕೇಳಿದಳು.

"ನನ್ನ ಗಣಿತದ ಮೇಷ್ಟ್ರು. ರಿಟೈರಾಗಿದಾರೆ. ಈಗ ಮೀನು ಹಿಡಿಯೋ ಆಟ ಆಡ್ತಾರೆ."

'ಅಯ್ಯೋ ದೇವರೇ!' ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸುಮ್ಮನೆ ಕೂತು ಯೋಚಿಸಿದಳು. ನಾನೊಂದು ವಾರ ಕಾಣದಿದ್ದರೆ ನನ್ನ ಇನ್ನೂರು ಜನರಲ್ಲಿ ಎಷ್ಟು ಜನ ಕೇಳಿಯಾರು?

ಎರಡೂ ಪೆಟ್ಟಿಗೆಗಳಲ್ಲಿ ಓಡುವ ಆಟ ಒಂದೇ ಒಂದಿತ್ತು. ಇಬ್ಬರು ಕೂತು ಹುಟ್ಟು ಹಾಕುವ ದೋಣಿ ಆಟ. ದೋಣಿಯೇನೋ ಒಂದೇ, ಆದರೆ ಒಂದು ಸೇವೆಯ ದನಿ ಇನ್ನೊಂದಕ್ಕೆ ದಾಟುವುದಿಲ್ಲ. ಹಾಗಾಗಿ ಸಂಜೆ ಇಬ್ಬರೂ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದರು. ಕೋಟಿಗಟ್ಟಲೆ ಸುರಿದು ಕಟ್ಟಿದ ಎರಡು ಸೇವೆಗಳಿಗೆ ಆಗದ ಕೆಲಸವನ್ನು ಹಳೆಯ ಫೋನ್ ಮಾಡುತ್ತಿತ್ತು!

"ಬಲಕ್ಕೆ ಹುಟ್ಟು ಹಾಕಿ!" ಅವಳು ಕೂಗಿದಳು.

"ಹಾಕ್ತಾನೇ ಇದೀನಿ!"

"ಅದು ಎಡ ಕಣ್ರೀ!"

"ನಿಮ್ಮ ಎಡ ಬೇರೆ, ನನ್ನ ಎಡ ಬೇರೆ!"

"ಒಂದೇ ದೋಣೀಲಿ ಕೂತಿದೀವಲ್ರೀ..."

ಆ ಮಾತಿಗೆ ಇಬ್ಬರ ಕೈಯೂ ಹುಟ್ಟು ಬಿಟ್ಟಿತು. ದೋಣಿ ಹೋಗಿ ಬಂಡೆಗೆ ಬಡಿಯಿತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ದೃಷ್ಟಿಯಾಗದೆ ಇರುತ್ತದೆಯೇ?

ಒಂದು ಸಂಜೆ ಅವಳು ಎಂದಿನಂತೆ ಫೋನಿನಲ್ಲೇ ಕರಿ ಸೇವೆಯ ಪಟ್ಟಿ ತೆರೆದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಸೋಂಬೇರಿ ಹುಲಿ ಇರಲಿಲ್ಲ.

ಹೆಸರು ಬರೆದು ಹುಡುಕಿದಳು. ಸಿಕ್ಕಿತು... ಆದರೆ 'ಕೊನೆಗೆ ಇದ್ದರು' ಎನ್ನುವ ಸಾಲು ಇರಲಿಲ್ಲ, ಅದು ಗೆಳೆಯರಿಗೆ ಮಾತ್ರ. ಅದರ ಜಾಗದಲ್ಲಿ 'ಗೆಳೆತನದ ಕೋರಿಕೆ ಕಳಿಸಿ' ಎಂದಿತ್ತು. ಕಳಿಸಿದಳು. 'ಅವರ ಒಪ್ಪಿಗೆಗಾಗಿ ಕಾಯಲಾಗುತ್ತಿದೆ' ಎಂದಿತು ಪರದೆ.

ಫೋನನ್ನು ಎದೆಗೊತ್ತಿಕೊಂಡು ಅವಳು ನೆಲದ ಮೇಲೆ ಕುಸಿದಳು.

ಮರುದಿನ ಮೌನಿ ಕಚೇರಿಗೆ ಕಾಲಿಡುವುದೇ ತಡ, ಎದುರಿಗೆ ನಿಂತಳು.

"ತೆಗೆದುಹಾಕಿದ್ರಾ? ಬರದೇ ಇರೋರು ಯಾಕೆ ಅಂತ ಕ್ಲೀನ್ ಮಾಡಿದ್ರಾ?"

"ಏನು..."

"ಸೋಂಬೇರಿ ಹುಲಿ! ನನ್ನ ಅಣ್ಣ ರೀ ಅವನು! ಸತ್ತು ಮೂರು ವರ್ಷ ಆಯ್ತು! ಸತ್ತೋರು ಕೋರಿಕೆ ಹೇಗ್ರೀ ಒಪ್ಕೋತಾರೆ?"

ಅವನ ಮುಖ ಬಿಳಿಚಿಕೊಂಡಿತು. ಏನೋ ಹೊಳೆದಂತೆ ಒಂದು ಸಲ ಕಣ್ಣು ಮುಚ್ಚಿದ.

"ತಪ್ಪು ನನ್ನದೇ. ಕ್ಷಮಿಸಿ."

"ಅಷ್ಟೇನಾ?"

"ಅಷ್ಟೇ."

"ಆರು ಜನ ಸಿಕ್ಕಿದ್ದೇ ಜಾಸ್ತಿ ನಿಮಗೆ!"

ಅಲ್ಲಿಗೆ ಫೋನೂ ನಿಂತಿತು, ದೋಣಿಯೂ ನಿಂತಿತು. ಅವನು ಕರಿ ಕಂಪನಿಯ ಸಹಾಯವಾಣಿಗೆ ದಿನವೂ ಫೋನ್ ಮಾಡುತ್ತಿದ್ದಾನೆ, ಅಳಿಸಿದ ಗೆಳೆತನ ಮರಳಿ ಕೊಡಲಾಗದು ಎಂದು ಅವರು ದಿನವೂ ಹೇಳುತ್ತಿದ್ದಾರೆ ಎಂದು ಪಕ್ಕದ ಮೇಜಿನವರು ಹೇಳಿದರು. ಅವಳು ಕೇಳಿಸದಂತೆ ಇದ್ದಳು.

ಅವನಿಲ್ಲದ ಹೊತ್ತು ನೋಡಿ, ಬಿಳಿ ಪೆಟ್ಟಿಗೆ ಹಿಂದಿರುಗಿಸಲು ಅವಳು ಅವನ ಮನೆಗೆ ಹೋಗಿ, 'ಯಾರಿದ್ದೀರಾ?' ಎಂದು ಕೂಗಿದಳು. ಬಾಗಿಲು ತೆರೆದವರು ಅವನ ತಂದೆ. ಎಡಗೈಯಲ್ಲಿ ಚಿಲಕ ತೆಗೆದರು. ಬಲಗೈ ಎದೆಗೆ ಅಂಟಿಕೊಂಡಂತೆ ಮಡಚಿಕೊಂಡಿತ್ತು.

"ಬಾರಮ್ಮಾ, ಫೋನಲ್ಲಿ ದೋಣಿ ಓಡ್ಸೋ ಹುಡುಗಿ ತಾನೆ ನೀನು? ದನಿಯಲ್ಲೇ ಗೊತ್ತಾಯ್ತು!"

ಟಿವಿಯಲ್ಲಿ ಅವಳ ಕರಿ ಪೆಟ್ಟಿಗೆ ಓಡುತ್ತಿತ್ತು.

"ಲಕ್ವ ಹೊಡೆದ ಮೇಲೆ ಬೆರಳು ಆಡಿಸ್ತಾ ಇರಿ ಅಂದ್ರು ಡಾಕ್ಟ್ರು. ಮಗ ಹಗಲು ಕೆಲಸಕ್ಕೆ ಹೋದಾಗ ಇದನ್ನ ಒತ್ತುತಾ ಕೂರ್ತೀನಿ. ಈ ಹೆಬ್ಬೆರಳು ನೋಡು, ನನ್ನ ಮಾತೇ ಕೇಳಲ್ಲ. ಮೊನ್ನೆ ಏನೋ ಒತ್ತಿ ಯಾವುದೋ ಹೆಸರು ಮಾಯ ಆಗ್ಹೋಯ್ತು. ಮಗನ್ನ ಕೇಳಿದ್ರೆ, ಏನೂ ಆಗಿಲ್ಲ ಆಡಪ್ಪಾ ಅಂದ. ಆದ್ರೆ ಅವತ್ತಿಂದ ಅವನು ಸರಿಯಾಗಿ ಊಟನೇ ಮಾಡ್ತಿಲ್ಲ. ನಂದೇನಾದ್ರೂ ತಪ್ಪಾಯ್ತೇನಮ್ಮಾ?"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತದೆಯೇ? ಎಲ್ಲರೆದುರು ಏನೆಲ್ಲ ಅಂದುಬಿಟ್ಟೆ... ಅವನು ತುಟಿ ಬಿಚ್ಚಲಿಲ್ಲವಲ್ಲ!

ಮುದುಕರು ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲಪ್ಪಾ," ಎಂದಳು. "ಏನೂ ಆಗಿಲ್ಲ. ನೀವು ಆಡಿ."

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಅವನೇ ಎದುರಾದ.

"ಅಪ್ಪನಿಗೆ..." ಅವನ ಕಣ್ಣಲ್ಲಿ ಗಾಬರಿ.

"ಹೇಳಿಲ್ಲ. ಹೇಳೋದೂ ಇಲ್ಲ." ಅವಳು ಗೋಡೆಗೆ ಒರಗಿದಳು. "ನನಗೆ ಯಾಕೆ ಹೇಳಲಿಲ್ಲ ನೀವು?"

"ಕೈ ಬಿದ್ದ ಮೇಲೆ ಅವರು ನಕ್ಕಿದ್ದು ಆ ಆಟದಿಂದಲೇ. ನಿಮಗೆ ಹೇಳಿದ್ರೆ ಕಚೇರಿಗೆಲ್ಲ ಹೇಳಿದ ಹಾಗೆ. ಹೇಗೋ ಅವರ ಕಿವಿಗೆ ಬಿದ್ರೆ ಮತ್ತೆ ಮುಟ್ಟೋದೇ ಇಲ್ಲ. ನೀವು ಹೇಗೂ ಯಾರಿಗಾದ್ರೂ ಬೈಬೇಕಿತ್ತಲ್ಲ, ನನಗೇ ಬೈಲಿ ಅಂತ..."

"ತುಂಬಾ ಬೈದೆ ಅಲ್ವಾ?"

"ಖಾರ ಸ್ವಲ್ಪ ಜಾಸ್ತಿ ಆಗಿತ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನು ಅಳುಕುತ್ತಲೇ ಕೇಳಿದ.

"ಒಂದು ಮಾತು ಕೇಳ್ಲಾ? ನಿಮ್ಮಣ್ಣನ ಪೆಟ್ಟಿಗೆ ಈಗ ಎಲ್ಲಿದೆ? ಅದರಲ್ಲಿ ಅವರ ಖಾತೆ ಇನ್ನೂ ತೆರೆದೇ ಇದ್ರೆ, ಕೋರಿಕೆ ಅಲ್ಲಿಂದ ಒಪ್ಕೋಬಹುದು."

ಅವಳು ತಲೆ ತಗ್ಗಿಸಿದಳು. "ಅತ್ತಿಗೆ ಮನೇಲಿದೆ. ಅವನು ಹೋದ ಮೇಲೆ ನಾನು ಆ ಮನೆಗೆ ಹೋಗೇ ಇಲ್ಲ. ಬೆಲ್ ಮಾಡಿದ್ರೆ ಅವನು ಬಾಗಿಲು ತೆಗೆಯಲ್ವಲ್ಲ, ಅದನ್ನ ನೋಡೋಕೆ ಆಗಲ್ಲ ಅಂತ... ಅತ್ತಿಗೆ ಕರೆದು ಕರೆದು ಸುಸ್ತಾಗಿ ಬಿಟ್ಟುಬಿಟ್ರು."

"ನಾನು ಜೊತೆಗೆ ಬರ್ತೀನಿ. ಬಾಗಿಲ ಹೊರಗೇ ನಿಂತಿರ್ತೀನಿ ಬೇಕಾದ್ರೆ."

ಅತ್ತಿಗೆ ಬಾಗಿಲು ತೆರೆದವರು ನಾದಿನಿಯನ್ನು ಬಹಳ ಹೊತ್ತು ದಿಟ್ಟಿಸಿದರು.

"ಮೂರು ವರ್ಷಕ್ಕೆ ದಾರಿ ಗೊತ್ತಾಯ್ತೇನೇ ಪುಟ್ಟಿ?"

ಅವಳು ವಿಷಯ ಹೇಳಿದಳು.

"ಓ! ಪೆಟ್ಟಿಗೆ ನೋಡೋಕೆ ಬಂದ್ಯಾ? ನನ್ನ ನೋಡೋಕಲ್ಲ?" ಅತ್ತಿಗೆಯ ಗಲ್ಲ ನಡುಗಿತು. "ನಿನಗೆ ಅಣ್ಣ ಹೋದ. ನನಗೆ ಗಂಡನೂ ಹೋದ, ಅವನ ಜೊತೆ ನೀನೂ ಹೋದೆ!"

ಅವಳು ಮುನ್ನುಗ್ಗಿ ಅತ್ತಿಗೆಯನ್ನು ತಬ್ಬಿಕೊಂಡಳು. ಮೂರು ವರ್ಷ ಬೇರೆ ಬೇರೆ ಮನೆಗಳಲ್ಲಿ ಅತ್ತ ಇಬ್ಬರೂ ಆ ಹೊಸಿಲಲ್ಲಿ ಒಟ್ಟಿಗೆ ಅತ್ತರು. ಮೌನಿ ಮೆಟ್ಟಿಲ ಮೇಲೆ ನಿಂತು ತನ್ನ ಚಪ್ಪಲಿಯನ್ನೇ ಅಧ್ಯಯನ ಮಾಡುತ್ತಿದ್ದ.

ಮೂಗೊರೆಸಿಕೊಂಡು ಅತ್ತಿಗೆ ಕೇಳಿದರು. "ಆ ಕಂಬ ಯಾರು? ಒಳಗೆ ಬರುತ್ತೋ?"

ಪೆಟ್ಟಿಗೆ ಬಟ್ಟೆಯ ಹೊದಿಕೆಯೊಳಗೆ ಜೋಪಾನವಾಗಿತ್ತು. ಮೌನಿ ತಂತಿ ಜೋಡಿಸಿದ, ತನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟ. ಪರದೆಯಲ್ಲಿ ಏನೇನೋ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮೂವರೂ ಪರದೆಯ ಹತ್ತಿರಕ್ಕೆ ಸರಿದರು.

'ಮರಳಿ ಸ್ವಾಗತ, ಸೋಂಬೇರಿ ಹುಲಿ!'

ಕೆಳಗೆ ಒಂದೇ ಕೋರಿಕೆ ಕಾಯುತ್ತಿತ್ತು. ಅವಳದು.

"ಒತ್ತು ಪುಟ್ಟಿ."

"ನೀವೇ ಒತ್ತಿ ಅತ್ತಿಗೆ. ಕೇಳಿರೋದು ನಾನು, ಒಪ್ಪಬೇಕಾದೋರು ಅವನ ಕಡೆಯೋರು."

"ಹೆಣ್ಣು ನೋಡೋಕೆ ಬಂದ ಹಾಗೆ ಮಾತಾಡ್ತಾಳೆ!" ಎನ್ನುತ್ತಾ ಅತ್ತಿಗೆ ಒತ್ತಿದರು.

ಅವಳ ಫೋನು ಸದ್ದು ಮಾಡಿತು. 'ಸೋಂಬೇರಿ ಹುಲಿ ಈಗ ಆನ್‌ಲೈನ್ ಇದ್ದಾರೆ.'

ಅಣ್ಣನಲ್ಲ, ಗೊತ್ತು. ಆದರೂ ಹೆಸರಿನ ಪಕ್ಕದ ಹಸಿರು ಚುಕ್ಕೆಯಿಂದ ಅವಳು ಕಣ್ಣು ಕೀಳಲಿಲ್ಲ. ಅತ್ತಿಗೆ ಅವಳ ತಲೆ ನೇವರಿಸಿ, ಚಹಾ ಇಡಲು ಎದ್ದರು.

"ಪೆಟ್ಟಿಗೆ ಆಫ್ ಮಾಡಿದ ಮೇಲೆ 'ಮೂರು ವರ್ಷದ ಹಿಂದೆ' ಅನ್ನೋದು ಹೋಗಿಬಿಡುತ್ತೆ," ಎಂದು ಮೌನಿ ಮೆಲ್ಲಗೆ ಎಚ್ಚರಿಸಿದ. "ಆ ಸಾಲು ಮತ್ತೆ ಬರಲ್ಲ."

ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ತಾನೇ ಎದ್ದು ಪೆಟ್ಟಿಗೆ ಆರಿಸಿದಳು. ಫೋನಿನಲ್ಲಿ ಚುಕ್ಕೆ ಮಂಕಾಯಿತು. ಅಣ್ಣನ ಹೆಸರಿನ ಕೆಳಗೆ ಹೊಸ ಸಾಲು ಮೂಡಿತು.

'ಈಗಷ್ಟೇ ಇದ್ದರು.'

"ಹೋಗಲಿ ಬಿಡಿ," ಎಂದಳು, ಕಣ್ಣೊರೆಸಿಕೊಂಡು. "ಇದೇ ಚೆನ್ನಾಗಿದೆ."

ಅಡುಗೆಮನೆಯಲ್ಲಿ ಲೋಟಗಳ ಸದ್ದು. ಇಬ್ಬರೂ ನೆಲದ ಮೇಲೆ, ತಂತಿಗಳ ನಡುವೆ ಕೂತಿದ್ದರು.

"ನಾಳೆ ಹೋಲಿಕೆ ಬರೆದು ಮುಗಿಯುತ್ತೆ," ಎಂದ ಅವನು. "ಆಮೇಲೆ ಸಂಜೆ ನಿಮಗೆ ಫೋನ್ ಮಾಡೋಕೆ ನನ್ನ ಹತ್ರ ನೆಪ ಇರಲ್ಲ."

"ನೆಪ ಬೇಕಾ?"

"ಬೇಕಿತ್ತು... ಈಗ ನಿಜ ಹೇಳಿಬಿಡ್ತೀನಿ. ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ."

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಅತ್ತಿಗೆಗೆ ಕೇಳಿಸೀತೇನೋ ಎಂಬ ಭಯ!

"ಹಾಗಾದ್ರೆ ನಾಳೆಯಿಂದ ಫೋನ್ ಮಾಡಬೇಡಿ."

ಅವನ ಮುಖ ಬಾಡಿತು.

"ನಾನೇ ಮನೆಗೆ ಬರ್ತೀನಿ," ಎಂದಳು ಅವಳು. "ಅಪ್ಪನ ಹೆಬ್ಬೆರಳಿಗೆ ಅಭ್ಯಾಸ ಮಾಡಿಸ್ಬೇಕು. ಆಮೇಲೆ ನಿಮ್ಮ ಪಕ್ಕ ಕೂರ್ತೀನಿ."

"ಎಷ್ಟು ಹೊತ್ತು?"

"ಅಪ್ಪ ಎದ್ದು ಮನೆಗೆ ಹೋಗು ಅನ್ನೋವರೆಗೂ."

"ಅಪ್ಪ ಹಾಗೆ ಅನ್ನೋದೇ ಇಲ್ವಲ್ರೀ."

"ಗೊತ್ತು," ಎಂದು ಅವಳು ಅವನ ಭುಜಕ್ಕೆ ಒರಗಿದಳು. "ಗೊತ್ತಿದ್ದೇ ಹೇಳಿದ್ದು."