ವಿಮಾನ ಬರುವುದಕ್ಕೆ ಮುಂಚೆ

“ಬೆಂಕಿ ಉಂಡೆ ಎಷ್ಟು ದೊಡ್ಡದಿತ್ತೇ? ಫುಟ್‌ಬಾಲ್ ಅಷ್ಟಾ?”

ಸ್ಕೂಲ್ ಬಸ್ಸಿನ ಹಿಂದಿನ ಸೀಟಿನಲ್ಲಿ ಗಿಣಿಯ ಸುತ್ತ ಆರು ತಲೆಗಳು ಸೇರಿದ್ದವು. ಕೇಳಿದವನು ರೇಡಿಯೋ. ಬೆಳಿಗ್ಗೆ ಅವನ ಕಿವಿಗೆ ಬಿದ್ದ ಸುದ್ದಿ ಊಟದ ಬೆಲ್ ಹೊಡೆಯುವುದರೊಳಗೆ ಇಡೀ ಸ್ಕೂಲಿಗೆ ಗೊತ್ತಾಗುತ್ತಿತ್ತು. ಅದಕ್ಕೇ ಆ ಹೆಸರು.

“ಫುಟ್‌ಬಾಲ್‌ಗಿಂತ ಚಿಕ್ಕದು. ಕೆಂಪಗಿತ್ತು. ಟಪ್ ಅಂತ ಬಿತ್ತು,” ಎಂದಳು ಗಿಣಿ.

“ನಿನ್ನೆ ಕಿಡಿ ಅಂದಿದ್ದೆ!”

“ಕಿಡಿನೇ ಕಣೋ. ದೊಡ್ಡ ಕಿಡಿ.”

ಕಿಟಕಿಯಾಚೆ ಗುಡ್ಡ ಕಪ್ಪಗೆ ಕಾಣುತ್ತಿತ್ತು. ಭಾನುವಾರ ಅಲ್ಲಿ ಕಾಳ್ಗಿಚ್ಚು ಎದ್ದಿತ್ತು. ಅದೇ ಹೊತ್ತಿಗೆ ಸೇನೆಯ ವಿಮಾನವೊಂದು ಮನೆಗಳ ಮೇಲೆ ತೀರಾ ಕೆಳಗೆ ಹಾರಿಹೋಗಿತ್ತು. ಬೆಂಕಿ ಹಚ್ಚಿದ್ದು ಆ ವಿಮಾನವೇ ಎಂದು ಈಗ ಅಂಗಡಿಯವರೂ ಹೇಳುತ್ತಿದ್ದರು, ಬಸ್ ಡ್ರೈವರೂ ಹೇಳುತ್ತಿದ್ದರು. “ಒಂದು ಹುಡುಗಿ ಕಣ್ಣಾರೆ ನೋಡಿದಾಳಂತೆ” ಎಂದು ಕೊನೆಗೆ ಸೇರಿಸುತ್ತಿದ್ದರು.

ಮೊದಲ ದಿನ ಗಿಣಿ ಹೇಳಿದ್ದು ಇಷ್ಟೇ: ವಿಮಾನ ಹೋಯಿತು, ಗುಡ್ಡದಲ್ಲಿ ಹೊಗೆ ಕಾಣಿಸಿತು. “ಏನಾದ್ರೂ ಬಿತ್ತಾ?” ಎಂದು ಯಾರೋ ಕೇಳಿದರು. “ಬಿದ್ದಿರಬೇಕು” ಎಂದಳು. ಮಾರನೆಯ ದಿನ ಅದು ಬಿದ್ದೇ ಬಿಟ್ಟಿತು. ಇವತ್ತು ಅದಕ್ಕೆ ಬಣ್ಣವೂ ಬಂತು, ಸದ್ದೂ ಬಂತು.

ಹಾಗೆ ಹೇಳುವುದರಿಂದ ಒಂದು ಒಳ್ಳೆಯದೂ ಆಗಿತ್ತು. ಪಕ್ಕದ ಮನೆಯ ಜೇನು ಮಾವ ಜೇನು ಸಾಕುವ ಪೆಟ್ಟಿಗೆಗಳು ಗುಡ್ಡದ ಬುಡದಲ್ಲೇ ಇದ್ದವು. ಪೆಟ್ಟಿಗೆ ತೆರೆಯುವಾಗ ಹುಳಗಳು ಕಚ್ಚದಿರಲಿ ಎಂದು ಅವರು ಒಂದು ತಗಡಿನ ಡಬ್ಬಿಯಲ್ಲಿ ಒಣಎಲೆ ಹಚ್ಚಿ ಹೊಗೆ ಹಾಕುತ್ತಿದ್ದರು. ಬೆಂಕಿ ಬಿದ್ದ ದಿನ ಜನ ಅವರ ಕಡೆಗೇ ಬೆಟ್ಟು ಮಾಡಿದ್ದರು. “ಅಲ್ಲಿ ಹೊಗೆ ಹಾಕೋರು ಇನ್ಯಾರಿದಾರೆ?” ಎಂದು ಅವರಿಗೆ ಕೇಳುವ ಹಾಗೇ ಮಾತಾಡಿಕೊಂಡಿದ್ದರು. ಅವರ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಒಂಬತ್ತು ಸುಟ್ಟುಹೋದದ್ದು ಯಾರಿಗೂ ಲೆಕ್ಕಕ್ಕೇ ಬರಲಿಲ್ಲ. ಗಿಣಿಯ ಮಾತು ಹಬ್ಬಿದ ಮೇಲೆ ಎಲ್ಲರೂ ಮತ್ತೆ ಅವರ ಜೊತೆ ನಗುನಗುತ್ತಾ ಮಾತಾಡತೊಡಗಿದ್ದರು.

ಬಸ್ಸು ಇಳಿದಾಗ ಮನೆಯ ಗೇಟಿನ ಎದುರು ಕೆಂಪು ಜೀಪು ನಿಂತಿತ್ತು. ಬಾಗಿಲ ಬಳಿ ಬೂದಿ ಮೆತ್ತಿದ ಒಂದು ಜೊತೆ ಬೂಟು.

“ಬಾ, ನಿನಗೇ ಕಾಯ್ತಿದಾರೆ,” ಎಂದಳು ಅಮ್ಮ. ಅವಳ ಮುಂಗೈಗೆ ಸೋಪಿನ ನೊರೆ ಅಂಟಿತ್ತು. ಅಮ್ಮ ಎರಡು ಲಾಡ್ಜುಗಳ ಬೆಡ್‌ಶೀಟುಗಳನ್ನು ಒಗೆದು, ಇಸ್ತ್ರಿ ಮಾಡಿ ಕೊಡುತ್ತಿದ್ದಳು.

ಒಳಗಿದ್ದವರು ಅಗ್ನಿಶಾಮಕ ದಳದ ಆಫೀಸರ್. ಕಾಲುಚೀಲದಲ್ಲೇ ನಿಂತು, ಮಡಿಸಿದ ಮ್ಯಾಪಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

“ವಿಮಾನ ನೋಡಿದ ಹುಡುಗಿ ನೀನೇನಾ ಮರಿ?”

“ಹೂಂ ಮೇಡಂ. ಕೆಂಪು ಉಂಡೆ...”

“ಈಗಲೇ ಹೇಳ್ಬೇಡ. ಎಲ್ಲಿಂದ ನೋಡಿದೆ?”

“ತಾರಸಿಯಿಂದ.”

“ನಡಿ, ಅಲ್ಲಿಗೇ ಹೋಗೋಣ. ಅವತ್ತು ಏನು ಮಾಡ್ತಿದ್ದೆಯೋ ಅದನ್ನೇ ಮೊದಲಿಂದ ಮಾಡಿ ತೋರ್ಸು. ಬಾಯಿಗೆ ಸ್ವಲ್ಪ ರಜಾ ಕೊಡು.”

ಇದು ಸುಲಭ ಎನಿಸಿತು ಗಿಣಿಗೆ. ತಾರಸಿಯ ತಂತಿಗಳ ಮೇಲೆ ಇವತ್ತೂ ಬಿಳಿ ಶೀಟುಗಳು ಸಾಲಾಗಿದ್ದವು. ಅವಳು ಮೊದಲನೆಯದರ ಕ್ಲಿಪ್ಪು ಕಿತ್ತಳು, ಶೀಟನ್ನು ಎಳೆದು ಬುಟ್ಟಿಗೆ ಹಾಕಿದಳು. ಎರಡನೆಯದಕ್ಕೆ ಕೈ ಹಾಕಿದಳು.

ಮೇಡಂ ಆ ಶೀಟಿನ ಅಂಚು ಮುಟ್ಟಿ ನೋಡಿದರು. “ಅವತ್ತೂ ಹೀಗೇ ಒದ್ದೆ ಇತ್ತಾ?”

“ಹೂಂ. ಆಗ ತಾನೇ ಹರವಿದ್ವಿ.”

“ಒದ್ದೆ ಶೀಟನ್ನ ಯಾಕೆ ತೆಗೀತಿದ್ದೆ?”

ಗಿಣಿಯ ಕೈ ತಂತಿಯ ಮೇಲೇ ನಿಂತಿತು.

ಭಾನುವಾರ ಕೆಳಗಿನಿಂದ ಅಮ್ಮ ಕೂಗಿದ್ದಳು. “ಹೊಗೆ ವಾಸನೆ ಬರ್ತಿದೆ ಕಣೇ! ಓಡು, ಶೀಟು ತೆಗಿ! ವಾಸನೆ ಹತ್ತಿದ್ರೆ ಎಲ್ಲಾ ಮತ್ತೆ ಒಗೀಬೇಕು!” ಗಿಣಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದ್ದಳು. ಇಪ್ಪತ್ತು ಶೀಟು. ಕೊನೆಯದನ್ನು ಎಳೆಯುವಾಗ ವಿಮಾನ ಬಂತು. ಎಂಥ ಸದ್ದು ಅದು! ಶೀಟು ಮುಖಕ್ಕೇ ಸುತ್ತಿಕೊಂಡಿತು. ಬಿಡಿಸಿಕೊಂಡು ಕಣ್ಣು ಬಿಟ್ಟರೆ ಎದುರಿಗೆ ಗುಡ್ಡ, ಗುಡ್ಡದ ತುಂಬ ಹೊಗೆ.

ಮೂರು ದಿನದಿಂದ ಅವಳು ಕತೆ ಶುರುಮಾಡುತ್ತಿದ್ದದ್ದು ವಿಮಾನದ ಸದ್ದಿನಿಂದ. ಅದಕ್ಕೆ ಮುಂಚೆ ಏನಾಯಿತು ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

ಪಕ್ಕದ ಅಂಗಳದಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಜೇನು ಮಾವ ಹೊಸ ಪೆಟ್ಟಿಗೆ ಮಾಡುತ್ತಿದ್ದರು. ಮೇಲಿನಿಂದ ನೋಡಿದರೆ ಅವರ ಬೋಳುತಲೆ ಮಾತ್ರ ಕಾಣುತ್ತಿತ್ತು.

ಮಳೆ ಬರೋ ಹಾಗಿತ್ತು ಮೇಡಂ, ಅದಕ್ಕೇ ತೆಗೀತಿದ್ದೆ. ಈ ಮಾತು ಗಿಣಿಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಮ್ಮನ ಕಡೆ ನೋಡಿದಳು. ಬಕೆಟ್ಟು ಹಿಡಿದು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಅಮ್ಮ ನೆಲ ನೋಡತೊಡಗಿದಳು. ಮೇಡಂ ಅವಸರ ಮಾಡಲಿಲ್ಲ.

“ಹೊಗೆ ಮೊದಲು ಬಂತು ಮೇಡಂ,” ಎಂದಳು ಗಿಣಿ. ಅವಳ ದನಿ ಅವಳಿಗೇ ಸಣ್ಣಗೆ ಕೇಳಿಸಿತು. “ವಿಮಾನ ಆಮೇಲೆ ಬಂತು.”

“ಎಷ್ಟು ಹೊತ್ತಾದ ಮೇಲೆ?”

“ಹತ್ತೊಂಬತ್ತು ಶೀಟು ತೆಗೆಯೋ ಅಷ್ಟು ಹೊತ್ತು.”

ಮೇಡಂ ನಗಲಿಲ್ಲ. ವಾಚು ಬಿಚ್ಚಿ ಕೈಯಲ್ಲಿ ಹಿಡಿದರು. ತೆಗೆದ ಶೀಟನ್ನು ಮತ್ತೆ ತಂತಿಗೆ ಹಾಕಿಸಿದರು. “ಭಾನುವಾರದ ಸ್ಪೀಡಲ್ಲೇ ತೆಗಿ. ಹೂಂ, ಶುರು!”

ಗಿಣಿ ಹತ್ತೊಂಬತ್ತು ಶೀಟು ತೆಗೆದಳು. ಏಳು ನಿಮಿಷ. ಮೇಡಂ ಬರೆದುಕೊಂಡರು.

“ಕೆಂಪು ಉಂಡೆ?”

“ಅದು... ಎಲ್ರೂ ಕೇಳಿದ್ರು, ಹೇಳ್ಬಿಟ್ಟೆ. ನಾನು ನೋಡಿಲ್ಲ.” ಗಿಣಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. “ಮೇಡಂ, ಹಾಗಾದ್ರೆ ಬೆಂಕಿ ಹಚ್ಚಿದ್ದು ಜೇನು ಮಾವ ಅಂತ ಆಗುತ್ತಾ?”

“ಹೇಗಾಗುತ್ತೆ? ಆ ವಿಮಾನ ಹಚ್ಚಲಿಲ್ಲ ಅಂತ ಆಗುತ್ತೆ, ಅಷ್ಟೇ. ಅದಕ್ಕೆ ಮುಂಚೆ ಇನ್ನೊಂದು ಹೋಗಿತ್ತಾ, ಗುಡ್ಡಕ್ಕೆ ಯಾರ್ಯಾರು ಹೋಗಿದ್ರು, ಎಲ್ಲಾ ಕೇಳ್ಬೇಕು. ಇನ್ನೂ ಎಂಟು ಮನೆ ಇದೆ.”

ಮೇಡಂ ಕೆಳಗಿಳಿದ ಮೇಲೆ ಗಿಣಿ ಕೇಳಿದಳು. “ನಿಂಗೂ ನೆನಪಿತ್ತಾ ಅಮ್ಮ?”

“ನಿನ್ನೆ ಇಸ್ತ್ರಿ ಮಾಡ್ತಾ ನೆನಪಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅಮ್ಮ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. “ಜನ ಮತ್ತೆ ಪಕ್ಕದ ಮನೆಗೆ ಬರೋಕೆ ಶುರುಮಾಡಿದ್ರಲ್ಲ. ಇರಲಿ ಅನ್ನಿಸ್ತು.”

ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಬೇಕು ಎಂದು ಗಿಣಿ ಪಕ್ಕದ ಅಂಗಳಕ್ಕೆ ಹೋದಳು. ಜೇನು ಮಾವನ ತುಟಿಗಳ ನಡುವೆ ಮೂರು ಮೊಳೆಗಳಿದ್ದವು.

“ಮಾವ, ವಿಮಾನದ್ದು ಸುಳ್ಳು. ಹೊಗೆನೇ ಮೊದಲು ಬಂದಿದ್ದು. ಮೇಡಂಗೆ ಹೇಳ್ಬಿಟ್ಟೆ.”

ಅವರು ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಬೈಯುತ್ತಾರೆ ಎಂದುಕೊಂಡಳು. ಬೈಯಲಿಲ್ಲ.

“ಬೆಳಿಗ್ಗೆ ನನ್ನನ್ನೂ ಕೇಳಿದ್ರು ಕಣೇ. ಭಾನುವಾರ ಡಬ್ಬಿ ಬೂದಿನ ಗುಡ್ಡದ ಬುಡದಲ್ಲಿ ಸುರಿದು ನೀರು ಹಾಕಿದ್ದೆ ಅಂದೆ. ಹಾಕಿದ್ದು ನಿಜ. ಆದ್ರೆ ಪೂರ್ತಿ ತಣ್ಣಗಾಯ್ತಾ ಅಂತ ಮುಟ್ಟಿ ನೋಡಿರ್ಲಿಲ್ಲ. ಅದನ್ನ ಹೇಳ್ಲಿಲ್ಲ.”

“ಯಾಕೆ ಮಾವ?”

“ನಿನ್ನ ವಿಮಾನ ಇತ್ತಲ್ಲ!” ಅವರು ನಗಲು ನೋಡಿದರು. “ನೀನು ಹಾಗೆ ಹೇಳಿದ ದಿನದಿಂದ ನಂಗೆ ಒಳ್ಳೇ ನಿದ್ದೆ.”

ಗಿಣಿಯ ಮನೆಯ ಬಾಗಿಲ ಬಳಿ ಮೇಡಂ ಇನ್ನೂ ಬೂಟಿನ ಲೇಸು ಕಟ್ಟುತ್ತಿದ್ದರು. ಜೇನು ಮಾವ ಒಂದು ಗಳಿಗೆ ಆ ಕಡೆಯೇ ನೋಡಿದರು. ಆಮೇಲೆ ಕೈ ಒರೆಸಿಕೊಂಡು ಹೋದರು. ಅವರ ಮಾತು ಗಿಣಿಗೆ ಕೇಳಿಸಲಿಲ್ಲ, ಕೈಗಳು ಮಾತ್ರ ಕಂಡವು. ಡಬ್ಬಿ ಇಷ್ಟು ದೊಡ್ಡದು. ನೀರು ಇಷ್ಟು. ಕೊನೆಗೆ ಅಂಗೈಯನ್ನು ನೆಲದ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

“ಏನಂದ್ರು ಮಾವ?”

“ಬರ್ಕೊಂಡ್ರು. ನಾಳೆ ಆ ಜಾಗ ತೋರ್ಸೋಕೆ ಬನ್ನಿ ಅಂದ್ರು.” ಅವರು ಮತ್ತೆ ಕುಕ್ಕರುಗಾಲಲ್ಲಿ ಕೂತರು. “ಆ ಹಲಗೆ ಸ್ವಲ್ಪ ಹಿಡ್ಕೋ.”

ಗಿಣಿ ಹಿಡಿದುಕೊಂಡಳು. ಎರಡು ಮೊಳೆ ಹೊಡೆದಾಗಿತ್ತು. ಅಷ್ಟರಲ್ಲಿ ಕಾಂಪೌಂಡಿನಾಚೆ ಸೈಕಲ್ ಬೆಲ್ಲು ಕೇಳಿಸಿತು. ರೇಡಿಯೋ.

“ಏ ಗಿಣಿ, ಜೀಪ್ ಬಂದಿತ್ತಂತೆ! ಬೆಂಕಿ ಹಾಕಿದ್ದು ಯಾರಂತೆ?”

ಜೇನು ಮಾವ ತಲೆ ಎತ್ತಲಿಲ್ಲ.

“ಇನ್ನೂ ಗೊತ್ತಿಲ್ವಂತೆ. ಮತ್ತೆ... ಆ ಉಂಡೆ ನಾನು ನೋಡಿಲ್ಲ ಕಣೋ. ಸುಮ್ನೆ ಹೇಳಿದ್ದೆ. ಎಲ್ರಿಗೂ ಹೇಳು.”

“ಎಲ್ರಿಗೂ?”

“ಎಲ್ರಿಗೂ.”

“ಆಮೇಲೆ?”

“ಅಷ್ಟೇ.”

ರೇಡಿಯೋ ಒಂದು ಕಾಲು ನೆಲಕ್ಕೂರಿ ಇನ್ನಷ್ಟು ಹೊತ್ತು ಕಾದ. ಇನ್ನೇನಾದರೂ ಬರುತ್ತದೆ ಎಂದು ಗಿಣಿಯ ಬಾಯನ್ನೇ ನೋಡಿದ. ಏನೂ ಬರಲಿಲ್ಲ. ಅವನ ಸೈಕಲ್ಲು ತಿರುವಿನಲ್ಲಿ ಮರೆಯಾಯಿತು.

ಗಿಣಿ ಹಲಗೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. “ಹೊಡೀರಿ ಮಾವ, ಅಲ್ಲಾಡಲ್ಲ,” ಎಂದಳು.